ಸಾವಂತ್ರೆವ್ವನ ಮೂವತ್ತೆರಡು ಇಂಚಿನ ರಣರಂಗ

ಎಲೈ ವಿದ್ಯುಲ್ಲತೆಯೇ, ತಾಮ್ರತಂತುಸಂಚಾರಿಣಿಯೇ, ಗದಗ-ಬೆಟಗೇರಿಯ ಕಂಬಕಂಬಗಳಲ್ಲಿ ಝೇಂಕರಿಸುತ್ತ ಹೇಳದೆ ಕೇಳದೆ ಹೊರಟುಬಿಡುವ ಚಂಚಲೆಯೇ, ಈ ಕಥೆ ಮುಗಿಯುವ ತನಕವಾದರೂ ನಿಂತಲ್ಲಿ ನಿಲ್ಲು! ಆನೆ, ಕುದುರೆ, ರಥ, ಪದಾತಿಗಳ ಕಥೆಯನ್ನು ನಾನು ಹೇಳುತ್ತಿಲ್ಲ. ಅವು ಹಿಂದಿನವರ ಸುಲಭದ ಕೆಲಸಗಳು. ಯಾವ ಯುಗದಲ್ಲಿ ಸಕಲ ಲೋಕದ ಸಕಲ ಚಿತ್ರಗಳೂ ಗಾಳಿಯಲ್ಲೇ ಹರಿದಾಡುತ್ತಿದ್ದರೂ ಅವನ್ನು ಹಿಡಿದು ನಡುಮನೆಯ ಗೋಡೆಗೆ ತರಲು ಎರಡು ರಿಮೋಟು, ಒಂದು ಗುಪ್ತಪದ ಮತ್ತು ಒಬ್ಬ ತಿಳಿದವನು ಬೇಕಾಗುತ್ತಿದ್ದನೋ, ಆ ಘೋರ ಯುಗದ ಕಥೆ ಇದು. ಆ ತಿಳಿದವನೇ ನಮ್ಮ ನಾಯಕ.

ಪಕ್ಕೀರಪ್ಪ ಎಂಬುದು ಅವನ ನಾಮಧೇಯ. ಗೋಧೂಮಚೂರ್ಣಧವಳಿತಭ್ರೂಯುಗಳನೂ, ದಶಾಶ್ವಶಕ್ತಿಯಂತ್ರನಿಯಾಮಕನೂ, ಜೋಳ ಗೋಧಿ ಕಡಲೆಗಳ ಗರ್ವಭಂಜನನೂ ಆದ ಆ ಮಹಾಪುರುಷನು ಬೆಟಗೇರಿಯಲ್ಲಿ ಒಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದನು. ವಯಸ್ಸು ನಲವತ್ತನಾಲ್ಕು. ಹದಿನಾಲ್ಕರ ಹರೆಯದಲ್ಲಿ ಒಮ್ಮೆ ಮಾಳಿಗೆ ಏರಿ, ಆ್ಯಂಟೆನಾವನ್ನು ಒಂದು ಗೇಣು ಎಡಕ್ಕೆ ತಿರುಗಿಸಿ, ಇಡೀ ಓಣಿಗೆ ಒಂದು ಕ್ರಿಕೆಟ್ ಪಂದ್ಯದ ಕೊನೆಯ ಎರಡು ಓವರುಗಳನ್ನು ದಯಪಾಲಿಸಿದ್ದನು. ಆ ಒಂದು ಗೇಣಿನ ಮೇಲೆಯೇ ಅವನ ಕೀರ್ತಿಸೌಧ ಇಂದಿಗೂ ನಿಂತಿದೆ. ಬಳಗದಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ, ಯಾರ ಫೋನು ಮಾತು ನಿಲ್ಲಿಸಿದರೂ, "ಪಕ್ಕೀರಪ್ಪನ್ನ ಕರೀರಿ" ಎನ್ನುತ್ತಿದ್ದರು. ಅವನು ಬಂದು ದುರಸ್ತಿ ಮಾಡಿದ್ದಕ್ಕಿಂತ ಬಂದು ನೋಡಿ ಚಹಾ ಕುಡಿದು ಹೋದದ್ದೇ ಹೆಚ್ಚು. ಆದರೂ ಹೆಸರು ಬಂದಾಗಿತ್ತು, ಅದನ್ನು ಉಳಿಸಿಕೊಳ್ಳುವುದೊಂದೇ ಬಾಕಿ.

ಇನ್ನು ಈ ಕಥೆಯ ಅಧಿದೇವತೆ. ಸೀಟೀನಾದಪ್ರಕಂಪಿತಕನ್ಯಾಶಾಲಾಂಗಣೆಯೂ, ಸಹಸ್ರಜಾನುವ್ರಣಚಿಕಿತ್ಸಾಪ್ರವೀಣೆಯೂ, ಅಶುಭ್ರನಖದರ್ಶನಮಾತ್ರಕ್ರೋಧನೆಯೂ ಆದ ಸಾವಂತ್ರೆವ್ವ. ಆಕೆ ಪಕ್ಕೀರಪ್ಪನ ತಂದೆಯ ಕೊನೆಯ ತಂಗಿ, ಎಂದರೆ ಅವನಿಗೆ ಅತ್ತಿ. ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು, ತಲೆಮಾರುಗಟ್ಟಲೆ ಹುಡುಗಿಯರಿಗೆ ಕಬಡ್ಡಿ ಕಲಿಸಿ, ನಾಲ್ಕು ವರ್ಷದ ಹಿಂದೆ ನಿವೃತ್ತಳಾದವಳು. ನಿವೃತ್ತಿಯಾದದ್ದು ನೌಕರಿ ಮಾತ್ರ. ಕೊರಳಿನ ಸೀಟಿ ಇನ್ನೂ ಕೊರಳಿನಲ್ಲೇ ಇತ್ತು. ಹಾಲಿನವನು ತಡವಾಗಿ ಬಂದರೆ ಅದನ್ನೇ ಊದುತ್ತಿದ್ದಳು.

ಬೀಳ್ಕೊಡುವ ದಿನ ಶಾಲೆಯವರು ಆಕೆಗೆ ಒಂದು ಮೂವತ್ತೆರಡು ಇಂಚಿನ ಟೀವಿ ಕೊಟ್ಟಿದ್ದರು. ಮನೆಯಲ್ಲಿದ್ದ ಗೂನುಬೆನ್ನಿನ ಹಳೆಯ ಟೀವಿ ಇನ್ನೂ ನಡೆಯುತ್ತಿದ್ದರಿಂದ ಹೊಸದು ನಾಲ್ಕು ವರ್ಷ ಥರ್ಮಾಕೋಲಿನ ಗರ್ಭದಲ್ಲೇ, ಮಂಚದ ಕೆಳಗೆ, ತಪಸ್ಸಿಗೆ ಕೂತಿತ್ತು. ಅದರ ತಪಸ್ಸನ್ನು ಕೆಡಿಸಿದವಳು ದ್ಯಾಮವ್ವ.

ದ್ಯಾಮವ್ವ ಎಂದರೆ ಮಗ್ಗದ ಓಣಿಯ ಹುಡುಗಿ, ಸಾವಂತ್ರೆವ್ವ ತಯಾರು ಮಾಡಿದ ಕೊನೆಯ ರೇಡರ್. ಈಗ ಜಿಲ್ಲೆಯ ತಂಡದಲ್ಲಿದ್ದಳು. ಶುಕ್ರವಾರ ಅವಳ ಫೋನು ಬಂತು. "ಟೀಚರ್, ಐತವಾರ ನಾಕ್ ಗಂಟೇಕ ಫೈನಲ್ ಐತ್ರಿ. ಟೀವಿ ಚಾನಲ್‌ನಾಗ ಬರೂದಿಲ್ಲಂತ, ಇಂಟರ್‌ನೆಟ್‌ನಾಗ ಅಷ್ಟ ಬರ್ತತಂತ. ನೀವು ನೋಡ್ರಿ. ಆಟ ಮುಗದ ಮ್ಯಾಲ ನಾ ಫೋನ್ ಮಾಡ್ತೀನಿ, ನನ್ನ ಎಡಗಾಲು ಏನ್ ತಪ್ಪು ಮಾಡ್ತು ಅಂತ ಹೇಳ್ರಿ. ಇಲ್ಲಿ ಯಾರೂ ಹೇಳೂದಿಲ್ರಿ ಅದನ್ನ."

ಆ ಎಡಗಾಲಿನ ಚರಿತ್ರೆ ಸಾವಂತ್ರೆವ್ವನೊಬ್ಬಳಿಗೇ ಗೊತ್ತು. ದ್ಯಾಮವ್ವ ಗಾಳಿಯ ಹಾಗೆ ನುಗ್ಗುತ್ತಾಳೆ, ಮುಟ್ಟುತ್ತಾಳೆ, ಆದರೆ ತಿರುಗುವಾಗ ಎಡಗಾಲನ್ನು ಎಳೆಯುತ್ತಾಳೆ. ಅದು ಪಕ್ಕದ ಗೆರೆ ಮೆಟ್ಟಿದರೆ ಗಳಿಸಿದ್ದೆಲ್ಲ ಹೋಯಿತು. ಎರಡು ವರ್ಷ ಕೂಗಿ ಕೂಗಿ ಅದನ್ನು ಅರ್ಧ ತಿದ್ದುವಷ್ಟರಲ್ಲಿ ನಿವೃತ್ತಿ ಬಂದುಬಿಟ್ಟಿತ್ತು. ಉಳಿದರ್ಧ ಸಾವಂತ್ರೆವ್ವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತನ್ನ ಫೋನಿನಲ್ಲಿ ನೋಡೋಣವೆಂದರೆ ಅದರ ಪರದೆ ಅಂಗೈ ಅಗಲ. ಚಾಳೀಸು ಹಾಕಿದರೂ ಆಟಗಾರ್ತಿಯರು ಇರುವೆಗಳಂತೆ ಕಾಣುತ್ತಿದ್ದರು. ಇರುವೆಯ ಎಡಗಾಲು ಯಾವುದು, ಬಲಗಾಲು ಯಾವುದು?

ಆದ್ದರಿಂದ ಸಾವಂತ್ರೆವ್ವ ಇಬ್ಬರನ್ನು ಕರೆಸಿದಳು. ಒಬ್ಬ ನಮ್ಮ ಪಕ್ಕೀರಪ್ಪ. ಇನ್ನೊಬ್ಬ ಆಕೆಯ ಅಕ್ಕನ ಮಗ ಚಿದಾನಂದ: ಉಪನೇತ್ರವಣಿಕ್ಕುಲಶೇಖರ, ಸುಗಂಧತೈಲಸಿಕ್ತಕೇಶಪಾಶ, ಗದಗಿನ ಪ್ಯಾಟಿಯಲ್ಲಿ ಚಾಳೀಸಿನ ಅಂಗಡಿಯವನು. ಲೋಕಕ್ಕೆ ದೃಷ್ಟಿ ಕೊಡುವವನು ತಾನಾದ್ದರಿಂದ ಟೀವಿಯೂ ತನ್ನ ಇಲಾಖೆಗೇ ಸೇರಿದ್ದೆಂದು ಅವನ ಖಚಿತ ನಂಬಿಕೆ. ಇವನು ಬರುತ್ತಾನೆಂದು ಕೇಳಿದಾಗಲೇ ಪಕ್ಕೀರಪ್ಪನ ಹಿಟ್ಟುಹುಬ್ಬು ಗಂಟಿಕ್ಕಿತ್ತು.

ಐತವಾರ ಮಧ್ಯಾಹ್ನ ಎರಡೂವರೆಗೆ, ಚಾಪೆಯ ಮೇಲೆ ಕೂತ ಇಬ್ಬರ ಮುಂದೆ ಸಾವಂತ್ರೆವ್ವ ತನ್ನ ಪ್ರತಿಜ್ಞೆಯನ್ನು ಘೋಷಿಸಿದಳು.

"ನೋಡ್ರಪಾ, ನನಗ ಕೈಯಾಗ ಒಂದ ರಿಮೋಟ್ ಬೇಕು. ಒಂದ್ ಗುಂಡಿ ಒತ್ತಿದ್ರ ದ್ಯಾಮಿ ಕಾಣಬೇಕು. ನಡಕ ಅದು ನನ್ನ ಏನೂ ಕೇಳಬಾರ್ದು. ಭಾಷಾ ಯಾವ್ದು, ವಯಸ್ಸೆಷ್ಟು, ನೀನ ಹೌದೊ ಅಲ್ಲೊ ಅಂತ ಕೇಳಾಕ ಅದೇನ್ ಪೊಲೀಸ್ ಠಾಣೆ ಏನು?"

ಚಿದಾನಂದನು ಎದ್ದನು. ಚೀಲದಿಂದ ಒಂದು ಕರಿಯ ಡಬ್ಬಿಯನ್ನು ಹೊರತೆಗೆದನು. ಅದಕ್ಕೆ ಎರಡು ಕೊಂಬುಗಳಿದ್ದವು, ಮೈಯಲ್ಲಿ ನೀಲಿ ದೀಪ ಮಿಣಕುತ್ತಿತ್ತು. ಅದನ್ನು ಮೇಲೆತ್ತಿ ಹಿಡಿದು ಅವನು ಗರ್ಜಿಸಿದನು:

"ಎಲವೋ ಪಿಷ್ಟಲಿಪ್ತಗಾತ್ರನೇ, ಕಣ್ಣಿದ್ದರೆ ನೋಡು ಈ ಕೃಷ್ಣಮಂಜೂಷೆಯನ್ನು! ಚತುರ್ದಶ ಭುವನಗಳ ಚಲಚ್ಚಿತ್ರಗಳೂ ಇದರ ಉದರದೊಳಗಿವೆ. ತ್ರಿಪಂಚಾಶದ್ಗುಂಡಿಕಾಮಂಡಿತವಾದ ಇದರ ದೂರನಿಯಂತ್ರಕವನ್ನು ಕಂಡರೆ ದಿಕ್ಪಾಲಕರೂ ದಾರಿ ಬಿಡುತ್ತಾರೆ. ಇದರ ಎದುರು ನಿನ್ನ ಆಯುಧವು ಹಲ್ಲಿಗೆ ಸಿಕ್ಕಿದ ನಾರು ತೆಗೆಯಲೂ ಸಾಲದು!"

ಇದು ಕವಿಗೆ ಕೇಳಿಸಿದ ಪಾಠ. ನಡುಮನೆಯಲ್ಲಿ ಕೂತವರಿಗೆ ಕೇಳಿಸಿದ್ದು ಮಾತ್ರ ಇಷ್ಟು: "ಭಾವ, ನಿನ್ನ ಕಡ್ಡಿ ಕಿಸೇದಾಗ ಇಟ್ಗೊ. ಇದ್ರಾಗ ಎಲ್ಲಾ ಬರ್ತಾವ."

ಪಕ್ಕೀರಪ್ಪನ ಆಯುಧ ನಿಜಕ್ಕೂ ಒಂದು ಕಡ್ಡಿಯೇ. ಹೆಬ್ಬೆರಳುದ್ದದ್ದು; ಟೀವಿಯ ಬೆನ್ನಿಗೆ ಚುಚ್ಚುವಂಥದ್ದು; ಜೊತೆಗೆ ಏಳೆಂಟು ಗುಂಡಿಗಳ ಒಂದು ಪುಟ್ಟ ರಿಮೋಟು. ಅವನು ಅದನ್ನು ಬೆಳಗ್ಗೆಯೇ ತನ್ನ ಮನೆಯ ಟೀವಿಗೆ ಹಾಕಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ತನ್ನ ಫೋನಿನ ಇಂಟರ್‌ನೆಟ್‌ಗೆ ಗಂಟು ಹಾಕಿ, ಕಬಡ್ಡಿ ಮೊದಲ ಸಾಲಿನಲ್ಲೇ ಬರುವಂತೆ ಸಿದ್ಧಮಾಡಿ ತಂದಿದ್ದನು. ಇಷ್ಟು ಮುಂದಾಲೋಚನೆ ಅವನ ಜನ್ಮದಲ್ಲಿ ಮೊದಲ ಸಲ. ಅತ್ತಿಯ ಮನೆಯಲ್ಲಿ ಹೆಸರು ಕೆಡಬಾರದೆಂದು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದನು. ಈಗ ಅವನೂ ಎದ್ದು ನಿಂತನು.

"ಗಾತ್ರಮಾತ್ರಗರ್ವಿತನಾದ ಕಾಚವಿಕ್ರಯಿಯೇ, ಕೇಳು! ಅಂಗುಷ್ಠಮಾತ್ರವಾದ ನನ್ನ ಈ ದಂಡಾಯುಧವು ಭಿತ್ತಿಗೂ ಯಂತ್ರಕ್ಕೂ ನಡುವೆ ಅದೃಶ್ಯವಾಗಿದ್ದುಕೊಂಡೇ ಲೋಕಗಳನ್ನು ಎಳೆದು ತರುತ್ತದೆ. ಮೂವತ್ತು ವರ್ಷಗಳ ಹಿಂದೆ ಆಕಾಶವನ್ನೇ ಒಂದು ಗೇಣು ತಿರುಗಿಸಿದ ಬಾಹುಗಳಿವು!" ಎಂದು ಮಹಾಕಾವ್ಯಗಳು ಬರೆಯತಕ್ಕದ್ದು. ಅವನು ಬಾಯಿಬಿಟ್ಟು ಅಂದದ್ದು: "ಡಬ್ಬಿ ದೊಡ್ಡದಿದ್ರ ದೊಡ್ಡದ ಕೆಡ್ತತಿ ಚಿದ್ಯಾ. ಗಿರಣಿ ನಡಸೂ ಮನಶ್ಯಾ ಹೇಳಾಕತ್ತೇನಿ, ಕೇಳು."

ಸಾವಂತ್ರೆವ್ವ ಸೀಟಿ ಊದಿದಳು. ಹಿತ್ತಿಲಿಂದ ಒಂದು ಹಂಚಿನ ಚೂರು ತಂದು, ಅದರ ಒಂದು ಮೈಗೆ ನೀರು ಸವರಿ, "ಹಸೀನೊ, ಒಣಾನೊ?" ಎಂದು ಮೇಲಕ್ಕೆ ಹಾರಿಸಿದಳು. ಪಕ್ಕೀರಪ್ಪ "ಒಣಾ" ಎಂದ. ಒಣಮೈ ಮೇಲಾಗಿ ಬಿತ್ತು. ಮೊದಲ ಸರದಿ ಕಡ್ಡಿಯದಾಯಿತು.

ಟೀವಿ ಗರ್ಭದಿಂದ ಹೊರಬಂತು. ಮೇಜಿನ ಮೇಲೆ ಏರಿತು. ಪಕ್ಕೀರಪ್ಪ ಅದರ ಬೆನ್ನಿಗೆ ಕಡ್ಡಿ ಚುಚ್ಚಿದ. ಟೀವಿಯ ಬೆನ್ನಿನಲ್ಲಿ ಮೂರು ನಾಲ್ಕು ಬಾಗಿಲುಗಳಿರುತ್ತವೆ. ಕಡ್ಡಿ ಯಾವ ಬಾಗಿಲಲ್ಲಿ ಕೂತಿದೆಯೆಂದು ಟೀವಿಯ ಸ್ವಂತ ರಿಮೋಟಿನಿಂದ ಒಮ್ಮೆ ತೋರಿಸಿಕೊಡಬೇಕು. ಅದೊಂದಾದರೆ ಆಮೇಲೆ ಎಲ್ಲವನ್ನೂ ಪುಟ್ಟ ರಿಮೋಟೇ ನೋಡಿಕೊಳ್ಳುತ್ತದೆ. ಒಂದು ನಿಮಿಷದ ಕೆಲಸ. ಇನ್ನೂ ಮೂರು ಗಂಟೆಯೂ ಆಗಿರಲಿಲ್ಲ.

ಆದರೆ ನಮ್ಮ ನಾಯಕನಿಗೆ ಒಂದು ನೇಮವಿತ್ತು. ಪ್ರತಿದಿನ ಬೆಳಗ್ಗೆ ಗಿರಣಿಯ ಮೋಟಾರಿನ ಹಣೆಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗದೆ ಅವನು ಸ್ವಿಚ್ಚು ಮುಟ್ಟಿದವನಲ್ಲ. ಹೊಸ ಯಂತ್ರವೆಂದ ಮೇಲೆ ಕೇಳಬೇಕೆ? "ಹಂಗ ಹಚ್ಚಬಾರ್ದು ಅತ್ತಿ, ಪೂಜಿ ಆಗ್ಲಿ" ಎಂದ. ಸಾವಂತ್ರೆವ್ವನಿಗೂ ಅದು ಸರಿ ಕಂಡಿತು. ದೇವರ ಜಗಲಿಯಿಂದ ತಟ್ಟೆ ಬಂತು.

ಈಗ ಒಂದು ಶಾಸ್ತ್ರದ ಪ್ರಶ್ನೆ ಎದ್ದಿತು. ಟೀವಿಯ ಹಣೆ ಎಲ್ಲಿ? ಪಕ್ಕೀರಪ್ಪನ ಬೆರಳು ಗಾಜಿನ ಕಡೆ ಹೋದದ್ದನ್ನು ಕಂಡು ಅತ್ತಿ, "ಗಾಜಿಗೆ ಹಚ್ಚಬ್ಯಾಡೊ, ಕಲಿ ಬೀಳ್ತತಿ" ಎಂದಳು. ಮೇಲಿನ ಅಂಚು ಕಡ್ಡಿಯಷ್ಟು ಸಣ್ಣದು, ವಿಭೂತಿ ನಿಲ್ಲುವಂತಿರಲಿಲ್ಲ. ಕೊನೆಗೆ ಕೆಳಗಿನ ಅಂಚಿನ ನಡುಮಧ್ಯದಲ್ಲಿ, ಗದ್ದದ ಹಾಗೆ ಸ್ವಲ್ಪ ಮುಂದೆ ಚಾಚಿಕೊಂಡ ಒಂದು ಹೊಳೆಯುವ ಕಪ್ಪು ಜಾಗ ಸಿಕ್ಕಿತು. ಕುಂಕುಮಕ್ಕೆಂದೇ ಮಾಡಿದಂತಿತ್ತು. ಪಕ್ಕೀರಪ್ಪ ಭಕ್ತಿಯಿಂದ ಮೂರು ಬೆರಳಿನಲ್ಲಿ ಒದ್ದೆ ವಿಭೂತಿಯನ್ನು ದಪ್ಪಗೆ ಎಳೆದು, ನಡುವೆ ಕುಂಕುಮದ ಬೊಟ್ಟನ್ನು ಒತ್ತಿ ಇಟ್ಟ. ಬಾಗಿಲಲ್ಲಿ ಕಾಯಿ ಒಡೆದ. ಹೋಳು ಸಮ ಬಂದವು. "ಶುಭ ಆತು" ಎಂದಳು ಅತ್ತಿ. ಗೋಡೆಯ ಸ್ವಿಚ್ಚು ಒತ್ತಲಾಯಿತು.

ಟೀವಿ ಹತ್ತಿತು! ನೀಲಿ ಪರದೆಯ ಮೇಲೆ ಸಿಗ್ನಲ್ ಇಲ್ಲವೆಂಬ ಒಂದು ಚೌಕ ಕಾಣಿಸಿಕೊಂಡು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆರಾಮಾಗಿ ತಿರುಗಾಡತೊಡಗಿತು. ಪಕ್ಕೀರಪ್ಪ ಮುಗುಳ್ನಕ್ಕು, ಟೀವಿಯ ರಿಮೋಟನ್ನು ಗದೆಯಂತೆ ಎತ್ತಿ, ಬಾಗಿಲು ತೋರಿಸುವ ಗುಂಡಿಯನ್ನು ಒತ್ತಿದ.

ಚೌಕ ತಿರುಗಾಡುತ್ತಲೇ ಇತ್ತು.

ಆಗ ಆರಂಭವಾಯಿತು ನೋಡಿ ಮಹಾಸಮರ! ಪಕ್ಕೀರಪ್ಪನು ಪೂರ್ವದಿಂದ ಒತ್ತಿದನು, ಈಶಾನ್ಯದಿಂದ ಒತ್ತಿದನು, ಮಂಡಿಯೂರಿ ಒತ್ತಿದನು, ಮಂಚವೇರಿ ಒತ್ತಿದನು. ನಾಲ್ಕು ವರ್ಷ ಮಲಗಿದ್ದ ಸೆಲ್ಲುಗಳ ಮೇಲೆ ಸಂಶಯ ಬಂದು ಅವನ್ನು ಕಿತ್ತೆಸೆದು ಗೋಡೆಯ ಗಡಿಯಾರದ ಸೆಲ್ಲನ್ನೂ ಟಾರ್ಚಿನ ಸೆಲ್ಲನ್ನೂ ಹಾಕಿದನು. ಗಡಿಯಾರವು ಮೂರೂ ಹತ್ತಕ್ಕೆ ವೀರಸ್ವರ್ಗ ಸೇರಿತು. ರಿಮೋಟನ್ನು ಅಂಗೈಗೆ ಬಡಿದನು, ತೊಡೆಗೆ ಬಡಿದನು, ಬಾಯಿಂದ ಗಾಳಿ ಊದಿದನು. ಟೀವಿಯ ಮೈ ತಡವಿದಾಗ ಬೆನ್ನಿನಡಿ ಒಂದು ಗುಂಡಿ ಸಿಕ್ಕಿತು. ಒತ್ತಿದರೆ ಟೀವಿ ಆರಿತು, ಮತ್ತೆ ಒತ್ತಿದರೆ ಹತ್ತಿತು, ಅಷ್ಟೇ ಅದರ ವಿದ್ಯೆ. ಬೆವರು ಹುಬ್ಬಿನ ಹಿಟ್ಟಿನೊಡನೆ ಕಲೆತು ಅವನ ಮುಖದ ಮೇಲೆ ಕಣಕವಾಗತೊಡಗಿತು.

"ಬಾಜೂಕ ಸರಿ ಭಾವ" ಎಂದು ಚಿದಾನಂದ ಮುನ್ನುಗ್ಗಿದನು. ಕಡ್ಡಿಯನ್ನು ಕಿತ್ತು ಡಬ್ಬಿಯನ್ನು ಜೋಡಿಸಿದನು. ಐವತ್ಮೂರು ಗುಂಡಿಗಳನ್ನೂ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಹಾರ್ಮೋನಿಯಂ ನುಡಿಸಿದಂತೆ ಒತ್ತಿದನು. ಡಬ್ಬಿಯ ನೀಲಿ ದೀಪ ಹಸುರಾಯಿತು, ಕೆಂಪಾಯಿತು. ಟೀವಿಯ ಚೌಕ ಮಾತ್ರ ತನ್ನ ವಾಯುವಿಹಾರ ಬಿಡಲಿಲ್ಲ.

"ನಿನ್ನ ಕಡ್ಡಿ ಚುಚ್ಚಿ ಟೀವಿ ಸುಟ್ಟೀದಿ ನೀ."

"ನನ್ನ ಕಡ್ಡಿ? ಆ ಎರಡ್ ಕ್ವಾಡಿನ ಡಬ್ಬಿ ಕಂಡು ಅಂಜಿ ಕುಂತೈತಿ ಅದು!"

"ಗಿರಣಿಯಾಂವ ಗಿರಣಿ ನೋಡ್ಕೊಬೇಕಪಾ."

"ನೀ ಕೊಟ್ಟ ಚಾಳೀಸು ಹಾಕ್ಕೊಂಡ ಮ್ಯಾಲನ ಅತ್ತಿಗೆ ಮಂದಿ ಇರುವಿ ಕಂಡಂಗ ಕಾಣಾಕತ್ಯಾರ!"

ಇಬ್ಬರೂ ರಿಮೋಟುಗಳನ್ನು ಖಡ್ಗಗಳಂತೆ ಚಾಚಿ ಒಬ್ಬರೆದುರೊಬ್ಬರು ನಿಂತರು. ತಯಾರಕರ ಸಹಾಯವಾಣಿಗೆ ಫೋನು ಹಚ್ಚಿದರೆ ಅಲ್ಲಿ ಹನ್ನೊಂದು ನಿಮಿಷ ಕೊಳಲು ನುಡಿಸಿದರು, ಕೊಳಲು ಚೆನ್ನಾಗಿತ್ತು. ಡಬ್ಬಿ ಹೋಗಿ ಕಡ್ಡಿ ಬಂತು, ಕಡ್ಡಿ ಹೋಗಿ ಡಬ್ಬಿ ಬಂತು, ಮತ್ತೆ ಕಡ್ಡಿ ಬಂತು. ಸತ್ತ ಗಡಿಯಾರ ಮೂರೂ ಹತ್ತು ತೋರಿಸುತ್ತಿದ್ದರಿಂದ ಯಾರಿಗೂ ಅವಸರವಾಗಲಿಲ್ಲ.

"ನಾಕ್ ಆತು" ಎಂದಳು ಸಾವಂತ್ರೆವ್ವ, ಫೋನು ನೋಡಿ.

ಆಟ ಶುರುವಾಗಿತ್ತು. ಆಕೆ ಗೋಡೆಗೆ ಒರಗಿ, ಫೋನನ್ನು ಮೂಗಿನ ಬಳಿ ಹಿಡಿದು ಕೂತಳು. ಸೀಟಿ ಬಾಯಲ್ಲಿತ್ತು, ಆದರೆ ಊದಲು ಏನೂ ಕಾಣುತ್ತಿರಲಿಲ್ಲ. ಕೆಂಪು ಚುಕ್ಕಿ ಒಳಗೆ ಹೋಯಿತು, ಹಸಿರು ಚುಕ್ಕಿಗಳು ಅದನ್ನು ಮುತ್ತಿದವು, ಕೆಂಪು ಚುಕ್ಕಿ ಹೊರಗೆ ಹೋಯಿತು. "ಔಟಾದ್ಲು" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಇನ್ನೊಮ್ಮೆ ಔಟಾದ್ಲು. ಯಾಕಂತ ಕಾಣವಲ್ದು. ಕಾಲ ಇರಬೇಕು. ಕಾಲ ಇರಬೇಕು, ಕಾಣವಲ್ದು ನನಗ."

ಆ ದನಿ ನಡುಗಿದ್ದನ್ನು ಪಕ್ಕೀರಪ್ಪ ಕೇಳಿದನು. ಮೂವತ್ತನಾಲ್ಕು ವರ್ಷ ಮೈದಾನವನ್ನು ನಡುಗಿಸಿದ ದನಿ ಅದು. ಅವನಿಗೆ ತನ್ನ ಹೆಸರು, ಆ್ಯಂಟೆನಾ, ಒಂದು ಗೇಣು, ಎಲ್ಲವೂ ನಾಚಿಕೆಗೇಡೆನಿಸಿತು. ಒಂದು ಎಡಗಾಲು ತೋರಿಸಲಾಗದ ತಿಳಿದವನು ಎಂಥ ತಿಳಿದವನು? ಚಹಾಕ್ಕಾದರೂ ಹಾಲು ಕಾಯಿಸೋಣವೆಂದು ಒಳಗೆ ಹೋಗಿ, ಗ್ಯಾಸು ಹಚ್ಚಿ, ಸಣ್ಣ ಉರಿಯಲ್ಲಿ ಹಾಲಿಟ್ಟು ಬಂದನು. ಬಂದವನು ಮತ್ತೆ ರಿಮೋಟು ಹಿಡಿದು, ಆಸೆಯೇನೂ ಇಲ್ಲದೆ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತ ನಿಂತನು.

ಫೋನಿನಲ್ಲಿ ಅರ್ಧ ಆಟ ಮುಗಿದ ಸೀಟಿ ಕೇಳಿಸಿತು. ಸಾವಂತ್ರೆವ್ವ ಎದ್ದಳು.

ಹಾಫ್‌ಟೈಮ್‌ಗೆ ಆಕೆಯದೊಂದು ಪದ್ಧತಿ. ಆ ಐದು ನಿಮಿಷದಲ್ಲಿ ಉಪದೇಶ ಮಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಒಂದು ಅರಿವಿಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಸಾಲಾಗಿ ಕೂತ ಹುಡುಗಿಯರ ಮುಖವನ್ನು ಒಂದರ ಹಿಂದೊಂದು ಗಟ್ಟಿಯಾಗಿ ಒರೆಸುತ್ತಿದ್ದಳು. ಸೋಲುತ್ತಿದ್ದರಂತೂ ಮೂಗು ಕೆಂಪಾಗುವ ಹಾಗೆ. ಈಗಲೂ ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ಅರಿವಿ ಅದ್ದಿಕೊಂಡು ಬಂದಳು. ಮೊದಲು ತನ್ನ ಮುಖ ಒರೆಸಿಕೊಂಡಳು. ಕಣ್ಣಿನ ಬಳಿ ಸ್ವಲ್ಪ ಹೊತ್ತು ಅರಿವಿ ನಿಂತಿತು. ಆಮೇಲೆ ಚಿದಾನಂದನನ್ನು ಹಿಡಿದು ಒರೆಸಿದಳು. ಆಮೇಲೆ ಪಕ್ಕೀರಪ್ಪನನ್ನು, ಅವನ ಮುಖದ ಕಣಕವೆಲ್ಲ ಅರಿವಿಗೆ ಬಂತು. "ಮಾರಿ ತಣ್ಣಗಾದ್ರ ಬುದ್ಧಿ ಬರ್ತತಿ" ಎನ್ನುತ್ತ, ಸಾಲಿನಲ್ಲಿ ಮುಂದೆ ಯಾರೆಂದು ನೋಡಿದಳು. ಮುಂದೆ ಇದ್ದದ್ದು ಟೀವಿ.

ಟೀವಿಯ ಮುಖವನ್ನೂ ಒರೆಸಿದಳು. ಗಾಜು ಒರೆಸಿ, ಕೆನ್ನೆ ಒರೆಸಿ, ಮಕ್ಕಳ ಗದ್ದ ಹಿಡಿದಂತೆ ಅದರ ಗದ್ದವನ್ನು ಹಿಡಿದು, ವಿಭೂತಿ ಕುಂಕುಮ ಸಮೇತ ಒಂದೇ ಬೀಸಿಗೆ ಒರೆಸಿದಳು.

ಪಕ್ಕೀರಪ್ಪನ ಹೆಬ್ಬೆರಳು ಒತ್ತುತ್ತಲೇ ಇತ್ತು. ಚೌಕ ಮಾಯವಾಯಿತು. ಟೀವಿ ಬಾಗಿಲುಗಳ ಹೆಸರುಗಳನ್ನೆಲ್ಲ ಸಾಲಾಗಿ ತೋರಿಸಿ, ಯಾವ ಬಾಗಿಲು ಎಂದು ವಿನಯದಿಂದ ಕೇಳಿತು.

ಮೂವರೂ ಆ ಗದ್ದವನ್ನು ನೋಡಿದರು. ಒರೆಸಿದ ಕಪ್ಪು ಜಾಗದ ಹಿಂದೆ ಸಾಸಿವೆಯಷ್ಟು ಗಾತ್ರದ ಒಂದು ಕೆಂಪು ಕಣ್ಣು ಮಿನುಗುತ್ತಿತ್ತು. ರಿಮೋಟಿನ ಮಾತನ್ನು ಟೀವಿ ಕೇಳುವುದು ಆ ಕಣ್ಣಿನಿಂದ. ಒಂದೂವರೆ ಗಂಟೆ ಅದು ವಿಭೂತಿಯ ಹಿಂದೆ ಧ್ಯಾನಸ್ಥವಾಗಿತ್ತು.

"ಇಲ್ಲಿ ಹಚ್ಚಿದವ್ರ್ಯಾರು?" ಎಂದಳು ಸಾವಂತ್ರೆವ್ವ. ಗೊತ್ತಿದ್ದೂ ಕೇಳಿದಳು, ಶಾಲೆಯಲ್ಲೂ ಹಾಗೆಯೇ ಕೇಳುತ್ತಿದ್ದಳು.

"ನಾ ಅಲ್ಲ ಚಿಗವ್ವ" ಎಂದ ಚಿದಾನಂದ, ಯಾರೂ ಕೇಳದಿದ್ದರೂ ಎರಡು ಸಲ.

ಪಕ್ಕೀರಪ್ಪನ ಎದುರು ಈಗ ಅವನ ಜೀವಮಾನದ ಸಮರ ನಿಂತಿತ್ತು. ಗಾಜಿಗೆ ಬೇಡವೆಂದವಳು ನೀನೇ ಅಲ್ಲವೇ ಎನ್ನಬಹುದಿತ್ತು. ಟೀವಿ ಮಾಡಿದವರನ್ನು ಬೈಯಬಹುದಿತ್ತು.

"ನಾನ ಅತ್ತಿ" ಎಂದನು. "ನಂದ ತಪ್ಪು."

ಫರ್ರನೆ ಸೀಟಿ ಕೂಗಿತು. ಸಾವಂತ್ರೆವ್ವನ ಬಲಗೈ ಮೇಲೇರಿ, ತೋರುಬೆರಳು ಬಾಗಿಲ ಕಡೆಗೆ ಚಾಚಿತು. "ಔಟ್! ಹೊರಗ ಕುಂದ್ರು. ದ್ಯಾಮಿ ಒಂದ್ ಪಾಯಿಂಟ್ ತಗದ್ರ ಎಬ್ಬಸ್ತೀನಿ, ಅಲ್ಲೀತನಕ ಒಳಗ ಬರಬ್ಯಾಡ."

ಕಬಡ್ಡಿಯ ನಿಯಮವೇ ಅದು: ತನ್ನವರು ಅಂಕ ಗಳಿಸಿದರೆ ಔಟಾದವರಿಗೆ ಜೀವ ಬರುತ್ತದೆ. ನಲವತ್ತನಾಲ್ಕು ವರ್ಷದ ದಶಾಶ್ವಶಕ್ತಿಯಂತ್ರನಿಯಾಮಕನು ತಲೆ ತಗ್ಗಿಸಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತನು.

ಒಳಗೆ ಕಡ್ಡಿಯ ಬಾಗಿಲು ತೆರೆಯಿತು. ಸಾವಂತ್ರೆವ್ವ ಪುಟ್ಟ ರಿಮೋಟಿನ ಒಂದು ಗುಂಡಿ ಒತ್ತಿದಳು, ಮೈದಾನ ಗೋಡೆಯಗಲ ತೆರೆದುಕೊಂಡಿತು. "ನನ್ನ ಡಬ್ಬೀನೂ ಒಮ್ಮೆ..." ಎಂದು ಚಿದಾನಂದ ಬಾಯಿ ತೆರೆದ. ಆಕೆ ಅವನ ರಿಮೋಟನ್ನು ಒಮ್ಮೆ ನೋಡಿ, "ಐವತ್ಮೂರು ಗುಂಡಿ. ನನ್ನ ಕೈಯಾಗ ಇಷ್ಟ್ ಹುಡಿಗೇರನ್ನೂ ಒಮ್ಮೆಲೆ ಕೊಟ್ಟಿದ್ದಿಲ್ಲ ಯಾರೂ. ಸುಮ್ನ ಕುಂದ್ರು" ಎಂದಳು. ಹೀಗೆ ಆಯ್ಕೆ ಮುಗಿಯಿತು. ಪಕ್ಕೀರಪ್ಪನ ದಂಡಾಯುಧ ಗೆದ್ದಿತ್ತು. ಗೆದ್ದದ್ದನ್ನು ನೋಡಲು ಅವನೊಬ್ಬನು ಅಲ್ಲಿರಲಿಲ್ಲ.

ಆದರೆ ಅವನ ಪಾತ್ರ ಮುಗಿದಿರಲಿಲ್ಲ. ಕಾಲು ಚಾಚೋಣವೆಂದು ಕಟ್ಟೆಯ ಆಚೆ ತುದಿಗೆ ಸರಿದನೋ ಇಲ್ಲವೋ, ಒಳಗಿಂದ ಕೂಗು ಬಂತು: "ಏ, ನಿಂತ್ ಬಿಡ್ತಲ್ಲೊ ಎಲ್ಲಾರೂ!" ಇಂಟರ್‌ನೆಟ್ ಬರುತ್ತಿದ್ದದ್ದು ಅವನ ಫೋನಿನಿಂದ, ಫೋನು ಅವನ ಕಿಸೆಯಲ್ಲಿತ್ತು. ಈಚೆಗೆ ಸರಿದನು, ಆಟಗಾರ್ತಿಯರು ಓಡಿದರು. ಕಿಟಕಿಯ ಕೆಳಗೆ, ಎಡಭುಜವನ್ನು ಗೋಡೆಗೆ ಆನಿಸಿ, ಬಲಗಾಲು ಸ್ವಲ್ಪ ಎತ್ತಿದರೆ ಚಿತ್ರ ತುಂಬ ಚೆನ್ನಾಗಿ ಬರುತ್ತಿತ್ತು. "ಹಂಗ ಇರು! ಅಲ್ಲಾಡಬ್ಯಾಡ!" ಒಂದು ಕಾಲಕ್ಕೆ ಆ್ಯಂಟೆನಾ ತಿರುಗಿಸಿದವನು ಈಗ ತಾನೇ ಆ್ಯಂಟೆನಾ ಆಗಿದ್ದನು. ಹನ್ನೆರಡು ನಿಮಿಷ ಅವನು ಕದಲಲಿಲ್ಲ. ಒಂದು ನೊಣ ಬಂದು ಮೂಗಿನ ಮೇಲೆ ಕೂತು, ಸಾಕಾಗಿ, ತಾನಾಗಿ ಎದ್ದು ಹೋಯಿತು. ಫೋನನ್ನು ಕಿಟಕಿಯಲ್ಲಿಟ್ಟರೆ ಸಾಕಿತ್ತೆಂಬುದು ಅವನಿಗೂ ಹೊಳೆಯಲಿಲ್ಲ, ಒಳಗಿನವರಿಗೂ ಹೊಳೆಯಲಿಲ್ಲ; ವೀರರ ಕಾಲದಲ್ಲಿ ಇಂಥವು ಹೊಳೆಯುವುದಿಲ್ಲ.

ಒಳಗೆ ಅತ್ತಿಯ ದನಿ ಏರುತ್ತಿತ್ತು. ಅದೀಗ ನಡುಗುತ್ತಿರಲಿಲ್ಲ. "ಹೋಗು... ಒಳಗ ಹೋಗು... ಮುಟ್ಟಿದ್ಲು! ತಿರಗ್ಯವ್ವ, ತಿರಗು! ಕಾಲ! ಕಾಲ ಎತ್ತ! ಎಡಗಾಲ ಎತ್ತ ನನ್ನವ್ವ!"

ಆಮೇಲೆ ಸೀಟಿ, ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಸೀಟಿ.

"ಎತ್ತಿದ್ಲು! ಎರಡ್ ಪಾಯಿಂಟ್! ಪಕ್ಕೀರಾ, ಎದ್ದಿ ನೀ! ಜೀವ ಬಂತು, ಒಳಗ ಬಾ!"

ಪುನರುಜ್ಜೀವಿತನಾದ ಪಕ್ಕೀರಪ್ಪನು ಎದ್ದನು. ಜೋಮು ಹಿಡಿದ ಕಾಲನ್ನು ಎಳೆಯುತ್ತ, ವಿಜಯಮಾಲೆಗೆ ಕೊರಳೊಡ್ಡುವವನಂತೆ ಹೊಸಿಲು ದಾಟಿದನು. ದ್ಯಾಮವ್ವನನ್ನು ನೋಡಲೆಂದು ಟೀವಿಯ ಕಡೆ ಮುಖ ತಿರುಗಿಸಿದನು.

"ಕುಂದ್ರಬ್ಯಾಡ" ಎಂದಳು ಅತ್ತಿ, ಪರದೆಯಿಂದ ಕಣ್ಣು ಕೀಳದೆ. "ಹಾಲು ಉಕ್ಕಾಕತ್ತೈತಿ, ವಾಸನಿ ಬಂತು. ಗ್ಯಾಸ್ ಬಂದ್ ಮಾಡ್ ಹೋಗು. ಫೋನ್ ಇಲ್ಲೇ ಇಟ್ಟು ಹೋಗು."

ಹೋದನು. ಹಾಲು ಆಗಲೇ ಉಕ್ಕಿ ಒಲೆಯ ತುಂಬ ಹರಿದಿತ್ತು. ಗ್ಯಾಸು ಆರಿಸಿ, ಅದೇ ಒದ್ದೆ ಅರಿವಿಯಿಂದ ಒರೆಸತೊಡಗಿದನು. ಉಳಿದ ಪಂದ್ಯವನ್ನು ಅಡುಗೆಮನೆಯಿಂದಲೇ ಕೇಳಿದನು. ಜಿಲ್ಲೆಯ ತಂಡ ಒಂದು ಅಂಕದಿಂದ ಸೋತಿತು.

ಫೋನು ಬಂತು. ಸಾವಂತ್ರೆವ್ವ ದೊಡ್ಡ ದನಿಯಲ್ಲಿಟ್ಟಿದ್ದರಿಂದ ಒಳಗೂ ಕೇಳಿಸಿತು.

"ಸೋತ್ವಿ ಟೀಚರ್. ನೋಡಿದ್ರಿ?"

"ಮೊದಲ್ನೇ ಹಾಫ್ ಕಾಣಲಿಲ್ಲವ್ವ. ಎರಡ್ನೇದು ಪೂರಾ ಕಂಡ್ತು. ಎಡಗಾಲು ಎತ್ತಿದ್ಯಲ್ಲ, ಅದನ್ನ ಕಂಡೆ. ಹಂಗ ಎತ್ತಬೇಕು ನೋಡು. ಇನ್ನ ನನಗೇನೂ ಹೇಳೂದು ಉಳದಿಲ್ಲ."

ಆ ಕಡೆ ಹುಡುಗಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಪಕ್ಕೀರಪ್ಪ ಕಣ್ಣು ಒರೆಸಿಕೊಂಡನು. ಹಿಟ್ಟು ಬಿತ್ತು ಎಂದುಕೊಂಡನು. ಹಿಟ್ಟನ್ನೆಲ್ಲ ಅತ್ತಿ ಹಾಫ್‌ಟೈಮ್‌ನಲ್ಲೇ ಒರೆಸಿಬಿಟ್ಟಿದ್ದಳು.

ಇತಿ ಸಮಾಪ್ತಿ. ಈ ಪುಣ್ಯಕಥನವನ್ನು ಶುದ್ಧಮನಸ್ಕರಾಗಿ ಓದಿದವರಿಗೂ, ಓದುತ್ತಿರುವವರ ಹೆಗಲ ಮೇಲಿಂದ ಇಣುಕಿದವರಿಗೂ, ಕಡ್ಡಿ ಪಕ್ಷದವರಿಗೂ, ಡಬ್ಬಿ ಪಕ್ಷದವರಿಗೂ ಧನಕನಕವಸ್ತುವಾಹನಾದಿಗಳೇನೂ ಪ್ರಾಪ್ತವಾಗುವುದಿಲ್ಲ. ರಿಮೋಟು ಕೆಲಸ ಮಾಡದಿದ್ದಾಗ ಮೊದಲು ಟೀವಿಯ ಗದ್ದ ಒರೆಸಿ ನೋಡಬೇಕೆಂಬುದು ನೆನಪಿಗೆ ಬರುತ್ತದೆ, ಅಷ್ಟೇ. ಪಕ್ಕೀರಪ್ಪನಿಗೆ ಆ ದಿನ ಚಹಾ ಕೂಡ ಸಿಗಲಿಲ್ಲ, ಹಾಲೆಲ್ಲ ಅರಿವಿಯಲ್ಲಿತ್ತು.